ತೆರೆಯಿಂದ ಹಿಂದೆ ಸರಿದ ನಟ: ಜಾಕ್ ತಾತಿಯ ಸಿನಿಮಾ, ಎಪ್ಪತ್ತು ವರ್ಷಗಳ ವಾದ

ಹಾಸ್ಯನಟನಿಗೆ ಹೆಸರು ಬಂದಷ್ಟೂ ಕ್ಯಾಮೆರಾ ಅವನ ಹತ್ತಿರ ಬರುತ್ತದೆ. ಜನ ದುಡ್ಡು ಕೊಟ್ಟು ಬರುವುದು ಅವನನ್ನು ನೋಡಲಿಕ್ಕೆ, ದುಡ್ಡು ಹೂಡಿದವರಿಗೆ ಬೇಕಾದದ್ದೂ ಅದೇ. ಚಾಪ್ಲಿನ್, ಕೀಟನ್ ಇಬ್ಬರೂ ತಮ್ಮ ಚಿತ್ರಗಳ ನಟ್ಟನಡುವೆ ನಿಂತವರು. ಫ್ರಾನ್ಸಿನ ನಟ, ನಿರ್ದೇಶಕ ಜಾಕ್ ತಾತಿ ಹಿಡಿದದ್ದು ಮಾತ್ರ ಹಿಂದುಮುಂದಾದ ದಾರಿ. ಮೊಸ್ಯೂ ಹುಲೋ ಎಂಬ ಪಾತ್ರ 1953ರಲ್ಲಿ ಅವನನ್ನು ದೇಶದಾಚೆಗೂ ಪರಿಚಯಿಸಿತು. 1958ರಲ್ಲಿ ಅದೇ ಪಾತ್ರದ ಇನ್ನೊಂದು ಚಿತ್ರ ಬಂದು ಆಸ್ಕರ್ ಗೆದ್ದಿತು. ಆಮೇಲೆ ಒಂಬತ್ತು ವರ್ಷ ತೆಗೆದುಕೊಂಡು ಅವನು ಮಾಡಿದ ‘ಪ್ಲೇಟೈಮ್’ನಲ್ಲಿ ಹುಲೋ ಜನಜಂಗುಳಿಯಲ್ಲಿ ಒಬ್ಬ, ಅಷ್ಟೇ. ಎಷ್ಟೋ ಹೊತ್ತು ತೆರೆಯ ಮೇಲೆ ಇರುವುದೇ ಇಲ್ಲ. ಅವನಂಥದೇ ಕೋಟು ಹ್ಯಾಟು ತೊಟ್ಟು, ಅವನಂತೆಯೇ ನಡೆಯುವ ಬೇರೆಯವರು ಬಂದು ನಮ್ಮನ್ನು ಏಮಾರಿಸುತ್ತಾರೆ. ಈ ಚಿತ್ರ ತಾತಿಯನ್ನು ಸಾಲದಲ್ಲಿ ಮುಳುಗಿಸಿತು. ಮನೆ ಅಡವಾಯಿತು, ಕಂಪನಿ ಬಾಗಿಲು ಹಾಕಿತು, ತನ್ನದೇ ಚಿತ್ರಗಳ ಹಕ್ಕು ಕೈತಪ್ಪಿತು.

ಗೆದ್ದ ಪಾತ್ರವನ್ನು ಅವನು ಯಾಕೆ ಹೀಗೆ ಅಂಚಿಗೆ ತಳ್ಳಿದ? ಆಧುನಿಕ ನಗರದ ಮೇಲಿನ ಸಿಟ್ಟೇ, ಸಿನಿಮಾದ ರೂಪ ಕುರಿತ ಹಟವೇ, ಅಥವಾ ಬರೀ ಅಹಂಕಾರವೇ? ತಾತಿ ಕುರಿತ ಬರವಣಿಗೆಯೆಲ್ಲ ಎಲ್ಲಿ ಹೊರಟರೂ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ.

ಚೌಕಟ್ಟಿನ ಅಂಗಡಿಯಿಂದ ರಂಗದ ಮೇಲೆ

1907ರ ಅಕ್ಟೋಬರ್ 9ರಂದು ಪ್ಯಾರಿಸ್ ಹತ್ತಿರದ ಲ ಪೆಕ್‌ನಲ್ಲಿ ಹುಟ್ಟಿದಾಗ ಅವನ ಹೆಸರು ಜಾಕ್ ತಾತಿಶೆಫ್. ತಂದೆಯ ಕಡೆ ರಷ್ಯನ್ ರಕ್ತ, ತಾಯಿಯ ಕಡೆ ಡಚ್ ಮತ್ತು ಇಟಾಲಿಯನ್. ಮನೆತನದ ಕಸುಬು ಚಿತ್ರಪಟಗಳಿಗೆ ಚೌಕಟ್ಟು ಹಾಕುವುದು. ಹುಡುಗ ಅದನ್ನು ಕಲಿತನಾದರೂ ಮನಸ್ಸು ಮಾತ್ರ ರಗ್ಬಿ ಮೈದಾನದಲ್ಲಿತ್ತು. ಪಂದ್ಯ ಮುಗಿದ ಮೇಲೆ ಗೆಳೆಯರ ನಡುವೆ ಆಟಗಾರರನ್ನೂ ರೆಫರಿಯನ್ನೂ ಅಣಕಿಸಿ ತೋರಿಸುತ್ತಿದ್ದ. ಅದೇ ಬೆಳೆದು ಮ್ಯೂಸಿಕ್ ಹಾಲ್‌ಗಳ ‘ಕ್ರೀಡಾ ಅನುಕರಣೆ’ ಎಂಬ ಮೂಕಾಭಿನಯದ ಪ್ರದರ್ಶನವಾಯಿತು. 1936ರಲ್ಲಿ ಲೇಖಕಿ ಕೊಲೆತ್ ಅದನ್ನು ನೋಡಿ ಮೆಚ್ಚಿ ಬರೆದರು. ಟೆನಿಸ್ ಆಡುವವನೂ ಚೆಂಡೂ ರ‍್ಯಾಕೆಟ್ಟೂ ಅವನೇ ಆಗಿಬಿಡುತ್ತಾನೆ, ಕುದುರೆಯೂ ಸವಾರನೂ ಒಂದೇ ಮೈಯಲ್ಲಿ ಕಾಣುತ್ತಾರೆ ಎಂಬುದು ಅವರ ಮೆಚ್ಚುಗೆಯ ತಿರುಳು. ಈ ಮಾತನ್ನು ಮುಂದೆ ಮತ್ತೆ ಎತ್ತಬೇಕಾಗುತ್ತದೆ.

ಮೂವತ್ತರ ದಶಕದಲ್ಲಿ ಕೆಲವು ಕಿರುಚಿತ್ರಗಳು, ಯುದ್ಧ ಮುಗಿದ ಮೇಲೆ ಕ್ಲೋದ್ ಓತಾಂ-ಲಾರಾನ ಎರಡು ಚಿತ್ರಗಳಲ್ಲಿ ಸಣ್ಣ ಪಾತ್ರಗಳು. ಅವನ್ನು ಬೇಗ ದಾಟಬಹುದು. ಮುಖ್ಯವಾದದ್ದು 1947ರಲ್ಲಿ ಸೇಂತ್-ಸೆವೇರ್ ಎಂಬ ಹಳ್ಳಿಯಲ್ಲಿ ಚಿತ್ರೀಕರಿಸಿದ ಮೊದಲ ಪೂರ್ಣ ಪ್ರಮಾಣದ ಚಿತ್ರ ‘ಝೂರ್ ದ ಫೆತ್’ (ಹಬ್ಬದ ದಿನ). ಯುದ್ಧಕಾಲದಲ್ಲಿ ತಾತಿ ಅದೇ ಸೀಮೆಯಲ್ಲಿ ತಂಗಿದ್ದ. ಜಾತ್ರೆಯ ಡೇರೆಯಲ್ಲಿ ಅಮೆರಿಕದ ಅಂಚೆ ಸೇವೆಯ ಚಿತ್ರ ನೋಡಿದ ಹಳ್ಳಿಯ ಪೋಸ್ಟ್‌ಮ್ಯಾನ್, ತಾನೂ ಅಮೆರಿಕನ್ನರಷ್ಟೇ ವೇಗವಾಗಿ ಕಾಗದ ಹಂಚುತ್ತೇನೆಂದು ಸೈಕಲ್ ಹತ್ತಿ ಹೊರಡುತ್ತಾನೆ. ಇದನ್ನು ಎರಡು ಕ್ಯಾಮೆರಾಗಳಲ್ಲಿ ತೆಗೆದಿದ್ದರು: ಒಂದು ಥಾಮ್ಸನ್‌ಕಲರ್ ಎಂಬ ಹೊಸ ಬಣ್ಣದ ಪದ್ಧತಿಯದು, ಇನ್ನೊಂದು ಮುನ್ನೆಚ್ಚರಿಕೆಗೆ ಇಟ್ಟುಕೊಂಡ ಕಪ್ಪುಬಿಳುಪಿನದು. ಬಣ್ಣದ ಪ್ರತಿ ತೆಗೆಯಲು ಆ ಕಂಪನಿಗೆ ಸಾಧ್ಯವಾಗದೆ 1949ರಲ್ಲಿ ಚಿತ್ರ ಕಪ್ಪುಬಿಳುಪಿನಲ್ಲೇ ತೆರೆಕಂಡಿತು. ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ಬಂತು. ಬಣ್ಣದ ಆವೃತ್ತಿಯನ್ನು ಜನ ನೋಡಿದ್ದು 1995ರಲ್ಲಿ, ಮಗಳು ಸೋಫಿ ತಾತಿಶೆಫ್ ಮತ್ತು ಛಾಯಾಗ್ರಾಹಕ ಫ್ರಾಂಸ್ವಾ ಎದ್ ಅದನ್ನು ಉಳಿಸಿಕೊಟ್ಟ ಮೇಲೆ. ಆಗ ತಾತಿ ತೀರಿಕೊಂಡು ಹದಿಮೂರು ವರ್ಷವಾಗಿತ್ತು.

ಮೊದಲ ವಾದ: ಹಳೆಯ ಫ್ರಾನ್ಸಿನ ವಕೀಲ

ಎಲ್ಲರಿಗೂ ಮೊದಲು ಹೊಳೆಯುವ ಓದು ಇದು. ಅಂಚೆಯವನು ಅಮೆರಿಕದ ವೇಗಕ್ಕೆ ಬೆನ್ನುಬಿದ್ದು ಕೊನೆಗೆ ಹಳ್ಳದಲ್ಲಿ ಬೀಳುತ್ತಾನೆ. ‘ಮೊನ್ ಓಂಕ್ಲ್’ (ನನ್ನ ಸೋದರಮಾವ, 1958) ಚಿತ್ರದಲ್ಲಿ ಹುಲೋನ ತಂಗಿ ಮತ್ತು ಭಾವ ಆರ್ಪೆಲ್ ಕಟ್ಟಿಸಿಕೊಂಡಿರುವ ಮನೆ ಥೇಟು ಪ್ರದರ್ಶನದ ಗೊಂಬೆಮನೆ. ಅಂಗಳದಲ್ಲಿ ಬಾಯಿಂದ ನೀರು ಚಿಮ್ಮಿಸುವ ಲೋಹದ ಮೀನಿದೆ. ಆದರೆ ಗುಂಡಿ ಒತ್ತುವುದು ಗಣ್ಯರು ಬಂದಾಗ ಮಾತ್ರ. ಬಂದವನು ಹುಲೋ ಎಂದು ಗೊತ್ತಾದರೆ ನೀರು ನಿಲ್ಲುತ್ತದೆ. ಹುಲೋ ಇರುವುದು ಹಳೆಯ ಬಡಾವಣೆಯಲ್ಲಿ. ಅಲ್ಲಿ ಮೆಟ್ಟಿಲುಗಳು ಅಂಕುಡೊಂಕು, ಕಸ ಗುಡಿಸುವವನು ಹರಟುತ್ತಾನೆಯೇ ಹೊರತು ಗುಡಿಸುವುದಿಲ್ಲ, ಕಿಟಕಿಯ ಗಾಜಿನ ಬಿಸಿಲು ಪಂಜರದ ಮೇಲೆ ಬಿದ್ದರೆ ಹಕ್ಕಿ ಹಾಡುತ್ತದೆ. ತಂಗಿಯ ಮಗ ಜೆರಾರ್‌ಗೆ ಮಾವನ ಜೊತೆ ಈ ಕಡೆ ಬಂದರೇ ಜೀವ. ಕೊನೆಯಲ್ಲಿ ಹಳೆಯ ಗೋಡೆಗಳು ಉರುಳುತ್ತವೆ.

ಇಷ್ಟನ್ನೇ ಹಿಡಿದರೆ ತಾತಿ ಕಳೆದುಹೋಗುತ್ತಿರುವ ಫ್ರಾನ್ಸಿಗಾಗಿ ಹಲುಬುವ ಭಾವುಕ. ಇದನ್ನು ಮೆಚ್ಚಿದವರು ಮಾನವೀಯತೆ ಎಂದರು, ಒಪ್ಪದ ಎಡಪಂಥೀಯರು ಹಿಮ್ಮುಖ ನೋಟ ಎಂದು ಬೈದರು: ಒದ್ದೆ ಗೋಡೆಯ ಹಳೆಮನೆಯಿಂದ ಬಿಸಿನೀರು ಬರುವ ಮನೆಗೆ ಹೋಗಲು ಹಂಬಲಿಸುವ ಕಾರ್ಮಿಕನಿಗೆ ಅಂಕುಡೊಂಕು ಮೆಟ್ಟಿಲಿನ ಚೆಲುವು ಬೋಧಿಸುವುದು ಎಷ್ಟು ಸರಿ? ಪ್ರಶ್ನೆಯಲ್ಲಿ ಹುರುಳಿದೆ.

ಆದರೆ ಈ ಓದು ಚಿತ್ರದಲ್ಲಿರುವುದನ್ನೆಲ್ಲ ವಿವರಿಸುವುದಿಲ್ಲ. ಆರ್ಪೆಲ್ ಮನೆಯನ್ನು ಚಿತ್ರಕಾರ ಗೆಳೆಯ ಜಾಕ್ ಲಾಗ್ರಾಂಜ್ ಜೊತೆ ಕೂತು ಪ್ರೀತಿಯಿಂದಲೇ ರೂಪಿಸಿದ್ದು, ನೀಸ್‌ನ ಸ್ಟುಡಿಯೋದಲ್ಲಿ ಸೆಟ್ ಹಾಕಿದ್ದು ತಾತಿಯೇ. ತಾನು ಹೊಸ ವಾಸ್ತುಶಿಲ್ಪದ ವಿರೋಧಿಯಲ್ಲವೆಂದೂ, ಕಟ್ಟಲು ಪರವಾನಗಿ ಕೊಡುವಂತೆ ಅಲ್ಲಿ ವಾಸಿಸಲಿಕ್ಕೂ ಒಂದು ಪರವಾನಗಿ ಇರಬೇಕೆಂದೂ ಅವನು ತಮಾಷೆ ಮಾಡುತ್ತಿದ್ದ. ಅಂದರೆ ತಕರಾರು ಗೋಡೆಯ ಮೇಲಲ್ಲ, ಗೋಡೆ ಹೇಳಿದಂತೆ ನಡೆದುಕೊಳ್ಳುವ ಮನುಷ್ಯನ ಮೇಲೆ. ಚಿತ್ರದಲ್ಲಿ ನಗು ಬರಿಸುವುದು ಮನೆಯಲ್ಲ. ಕಾಲುಹಾದಿಯ ಕಲ್ಲು ಬಿಟ್ಟು ಹುಲ್ಲಿನ ಮೇಲೆ ಹೆಜ್ಜೆ ಇಡಲು ಹೆದರುವ ಅತಿಥಿಗಳು.

ಎರಡನೆಯ ವಾದ: ಸಮಯ, ಶಬ್ದ, ತೆರೆದ ಚೌಕಟ್ಟು

‘ಹುಲೋನ ರಜೆ’ (1953) ಬಂದಾಗಲೇ ಇನ್ನೊಂದು ಬಗೆಯ ಓದು ಹುಟ್ಟಿತು. ಸಾಂ-ಮಾರ್ಕ್ ಎಂಬ ಕಡಲತೀರದ ಊರಿನ ಹೋಟೆಲೊಂದರಲ್ಲಿ ಬೇಸಿಗೆ ಕಳೆಯುವ ಮಂದಿಯ ಕಥೆ. ಕಥೆಯೆನ್ನುವುದೂ ದೊಡ್ಡ ಮಾತು. ವಿಮರ್ಶಕ ಆಂದ್ರೆ ಬಾಜಾಂ ಆ ವರ್ಷವೇ ಬರೆದ ಪ್ರಬಂಧದಲ್ಲಿ ಹಾಸ್ಯಕ್ಕಿಂತ ಹೆಚ್ಚಾಗಿ ಸಮಯದ ಮಾತಾಡಿದ. ರಜೆಯ ದಿನಗಳು ಒಂದರಂತೆ ಒಂದು, ಗಂಟೆ ಬಾರಿಸಿದಾಗ ಊಟ, ನಡುವೆ ಏನೂ ಆಗದ ಹೊತ್ತು. ಈ ಖಾಲಿ ಹೊತ್ತನ್ನೇ ತಾತಿ ಚಿತ್ರ ಮಾಡಿದ್ದಾನೆ ಎಂದ. ಶಬ್ದದ ಕಡೆಗೂ ಬೊಟ್ಟು ಮಾಡಿದ. ಮಾತು ಸ್ಪಷ್ಟವಾಗಿ ಕೇಳುತ್ತದೆ, ಆದರೆ ಅದಕ್ಕೆ ಅರ್ಥದ ಭಾರವಿಲ್ಲ. ಊಟದ ಮನೆಯ ತಿರುಗುಬಾಗಿಲು ಎಳೆಯುವ ಸದ್ದಿಗೆ ಆ ಭಾರವಿದೆ. ಫ್ರಾಂಸ್ವಾ ತ್ರುಫೋ ತಾತಿಯನ್ನು ರಾಬರ್ಟ್ ಬ್ರೆಸಾಂ ಪಕ್ಕದಲ್ಲಿಟ್ಟ. ಇಬ್ಬರೂ ಪ್ರತಿ ಚಿತ್ರಕ್ಕೆ ಸಿನಿಮಾವನ್ನು ಹೊಸದಾಗಿ ಕಂಡುಹಿಡಿಯುವವರು ಎಂಬ ಅರ್ಥದಲ್ಲಿ. ನಗಿಸುವವನನ್ನು ಒಯ್ದು ಫ್ರೆಂಚ್ ಸಿನಿಮಾದ ಅತಿ ಗಂಭೀರ ಮನುಷ್ಯನ ಪಕ್ಕ ಕೂರಿಸಿದ್ದಕ್ಕೆ ಹಲವರು ಹುಬ್ಬೇರಿಸಿರಬೇಕು.

ಈ ದಾರಿ ಪೂರ್ತಿ ತೆರೆದುಕೊಂಡದ್ದು ‘ಪ್ಲೇಟೈಮ್’ ಬಂದ ಮೇಲೆ. ಪ್ಯಾರಿಸ್‌ನ ಪೂರ್ವಕ್ಕೆ, ಜ್ವಾಂವಿಲ್ ಸಮೀಪದ ಬಯಲಿನಲ್ಲಿ ತಾತಿ ಒಂದು ನಗರವನ್ನೇ ಎಬ್ಬಿಸಿದ. ರಸ್ತೆ, ಟ್ರಾಫಿಕ್ ದೀಪ, ವಿದ್ಯುತ್ ಸ್ಥಾವರ ಎಲ್ಲ ಇದ್ದ ಆ ಜಾಗಕ್ಕೆ ‘ತಾತಿವಿಲ್’ ಎಂದೇ ಹೆಸರಾಯಿತು. ಕೆಲವು ಕಟ್ಟಡಗಳನ್ನು ಸರಿಸಬಹುದಿತ್ತು. ದೂರದಲ್ಲಿ ಕಾಣುವ ಕೆಲವು ‘ಜನ’ ಬರೀ ರಟ್ಟಿನ ಮೇಲಿನ ಫೋಟೋಗಳು. 70 ಎಂಎಂ ಪಟ್ಟಿಯಲ್ಲಿ ಚಿತ್ರೀಕರಣ ವರ್ಷಗಟ್ಟಲೆ ನಡೆಯಿತು. ಕ್ಲೋಸಪ್ ಎಂಬುದೇ ಇಲ್ಲ. ಒಂದೇ ಚೌಕಟ್ಟಿನಲ್ಲಿ ಎಡತುದಿಗೊಂದು, ಹಿಂಬದಿಗೊಂದು, ಗಾಜಿನಾಚೆಗೊಂದು ಎಂದು ಮೂರು ನಾಲ್ಕು ತಮಾಷೆಗಳು ಒಟ್ಟಿಗೇ ನಡೆಯುತ್ತವೆ. ಯಾವುದನ್ನು ನೋಡಬೇಕೆಂದು ಕ್ಯಾಮೆರಾ ಹೇಳುವುದಿಲ್ಲ.

ಮುಕ್ಕಾಲು ಗಂಟೆಯಷ್ಟು ಹರಡಿಕೊಂಡಿರುವ ‘ರಾಯಲ್ ಗಾರ್ಡನ್’ ರೆಸ್ಟೋರೆಂಟಿನ ದೃಶ್ಯ ಇದಕ್ಕೆ ಶಿಖರ. ಕೆಲಸ ಮುಗಿಯುವ ಮೊದಲೇ ಬಾಗಿಲು ತೆರೆದ ಭಾರಿ ಹೋಟೆಲು. ಹೆಂಚು ಬಡಿಸುವವನ ಬೂಟಿಗೆ ಅಂಟಿಕೊಳ್ಳುತ್ತದೆ. ಕುರ್ಚಿಯ ಬೆನ್ನಿನ ಕಿರೀಟದ ಅಚ್ಚು ಗಿರಾಕಿಗಳ ಬೆನ್ನ ಮೇಲೆ ಮೂಡುತ್ತದೆ. ಗಾಜಿನ ಬಾಗಿಲು ಒಡೆದು ಚೂರಾದ ಮೇಲೂ ದ್ವಾರಪಾಲಕ ಹಿಡಿಯನ್ನಷ್ಟೇ ಕೈಯಲ್ಲಿ ಹಿಡಿದು, ಇಲ್ಲದ ಬಾಗಿಲನ್ನು ಬಂದವರಿಗೆಲ್ಲ ತೆರೆದು ಮುಚ್ಚುತ್ತಾನೆ. ಸೂರಿನ ಅಲಂಕಾರ ಕುಸಿದಾಗ ಯಾರಿಗೂ ಬೇಸರವಿಲ್ಲ. ಅಲ್ಲಿಂದಾಚೆಗೇ ಸಂತೋಷ ಶುರು. ಮೊದಲ ಸಲ ನೋಡಿದವರಿಗೆ ಇದರಲ್ಲಿ ಅರ್ಧವೂ ದಕ್ಕುವುದಿಲ್ಲ.

ಸಿನಿಮಾ ಸಿದ್ಧಾಂತಿ ನೋಯೆಲ್ ಬರ್ಚ್ ಇದನ್ನೇ ಸಿದ್ಧಾಂತದ ಮಾತಿಗೆ ತಂದ. ಹಲವು ಸಲ ನೋಡಬೇಕಾದದ್ದಷ್ಟೇ ಅಲ್ಲ, ಪ್ರತಿ ಸಲ ತೆರೆಯಿಂದ ಬೇರೆ ಬೇರೆ ದೂರದಲ್ಲಿ ಕೂತು ನೋಡಬೇಕಾದ ಚಿತ್ರ ಇದು ಎಂಬುದು ಅವನ ಮಾತಿನ ಸಾರ. ಕ್ರಿಸ್ಟಿನ್ ಥಾಂಪ್ಸನ್ 1988ರ ಪುಸ್ತಕದಲ್ಲಿ ಇದನ್ನು ಬೆಳೆಸಿದರು: ಹಾಸ್ಯ ಗ್ರಹಿಕೆಯ ಅಂಚಿನಲ್ಲಿದೆ, ತಮಾಷೆಯೋ ಅಲ್ಲವೋ ಎಂಬ ಅನುಮಾನವೇ ಅದರ ಜೀವಾಳ. ಮಿಶೆಲ್ ಶಿಯೋಂ ಕಿವಿಯನ್ನು ಮುಂದಿಟ್ಟ. ತಾತಿಯ ಚಿತ್ರಗಳ ಶಬ್ದ ಚಿತ್ರೀಕರಣದ ಜೊತೆಗೆ ಬಂದದ್ದಲ್ಲ, ಆಮೇಲೆ ಒಂದೊಂದಾಗಿ ಆರಿಸಿ ಕೂಡಿಸಿದ್ದು. ಕೂತೆದ್ದಾಗ ಉಸ್ಸೆನ್ನುವ ಕಪ್ಪು ಕುರ್ಚಿ, ಉದ್ದ ಕಾರಿಡಾರಿನಲ್ಲಿ ಮುಗಿಯದ ಬೂಟಿನ ಟಕಟಕ. ಹಲವು ಸಲ ತೆರೆಯ ಮೇಲೆ ಕಣ್ಣು ಎಲ್ಲಿಗೆ ಹೋಗಬೇಕೆಂದು ಸೂಚಿಸುವುದು ಸದ್ದೇ.

ನಮ್ಮ ಮೂಲ ಪ್ರಶ್ನೆಗೆ ಈ ಪಂಥದ ಉತ್ತರ ನೇರ. ನಾಯಕನಿದ್ದರೆ ಕಣ್ಣು ಅವನ ಮೇಲೇ ನೆಡುತ್ತದೆ. ಎಲ್ಲರೂ ಸಮನಾಗಿ ಕಾಣಬೇಕಾದರೆ ಹುಲೋ ಸರಿಯಲೇಬೇಕು. ಉತ್ತರ ಚೆನ್ನಾಗಿದೆ. ಆದರೆ ಈ ಬರಹಗಳನ್ನು ಓದುತ್ತ ಹೋದರೆ ತಾತಿ ಪ್ರಯೋಗಶಾಲೆಯ ಮನುಷ್ಯನಂತೆ ಕಾಣತೊಡಗುತ್ತಾನೆ. ನಾನೂರು ಪುಟದ ವಿಶ್ಲೇಷಣೆಯಲ್ಲಿ ಒಮ್ಮೆಯೂ ನಗು ಬಾರದಿದ್ದರೆ ಏನೋ ಸೋರಿಹೋಗಿದೆ ಎಂದೇ ಅರ್ಥ.

ಮೂರನೆಯ ವಾದ: ಫ್ರಾನ್ಸ್ ಬದಲಾದ ಬಗೆ

ಸಮಾಜದ ಇತಿಹಾಸ ಬರೆಯುವವರು ತಾತಿಯ ಕಾಲಗಣನೆಯನ್ನು ಹಿಡಿದು ಹೊರಡುತ್ತಾರೆ. ಯುದ್ಧಾನಂತರದ ಮೂವತ್ತು ವರ್ಷ ಫ್ರಾನ್ಸ್ ಭರದಿಂದ ಬೆಳೆದ ಕಾಲ. 1946ರಲ್ಲಿ ಬ್ಲುಂ–ಬರ್ನ್ಸ್ ಒಪ್ಪಂದದಿಂದ ಅಮೆರಿಕನ್ ಚಿತ್ರಗಳಿಗೆ ಫ್ರೆಂಚ್ ಥಿಯೇಟರುಗಳ ಬಾಗಿಲು ಅಗಲವಾಗಿ ತೆರೆಯಿತು. ಮರುವರ್ಷವೇ ತಾತಿ ಅಮೆರಿಕನ್ ಚಿತ್ರ ನೋಡಿ ಕೆಟ್ಟ ಅಂಚೆಯವನನ್ನು ಚಿತ್ರೀಕರಿಸಿದ. 1958ರಲ್ಲಿ ಪ್ಯಾರಿಸ್ ಪಕ್ಕದ ಲಾ ದೆಫಾಂಸ್ ವಾಣಿಜ್ಯ ನಗರಿಗೆ ಸರ್ಕಾರಿ ಪ್ರಾಧಿಕಾರ ಹುಟ್ಟಿತು, ‘ಮೊನ್ ಓಂಕ್ಲ್’ ಬಂದದ್ದೂ ಆಗಲೇ. 1961ರಲ್ಲಿ ಓರ್ಲಿ ವಿಮಾನ ನಿಲ್ದಾಣದ ಗಾಜಿನ ಕಟ್ಟಡ ತೆರೆಯಿತು. ‘ಪ್ಲೇಟೈಮ್’ ಶುರುವಾಗುವುದು ಅಂಥದೇ ನಿಲ್ದಾಣದಲ್ಲಿ. ‘ಟ್ರಾಫಿಕ್’ (1971) ಕಾರುಗಳ ಕಾಲದ್ದು. ತಾತಿಯ ಒಂದೊಂದು ಚಿತ್ರವೂ ಅವನ ಒಟ್ಟು ಕೃತಿಯ, ಫ್ರೆಂಚ್ ಸಮಾಜದ ಮತ್ತು ಸಿನಿಮಾ ಇತಿಹಾಸದ ಒಂದೊಂದು ಘಟ್ಟವನ್ನು ಏಕಕಾಲಕ್ಕೆ ಗುರುತಿಸುತ್ತದೆ ಎಂದು ವಿಮರ್ಶಕ ಸೆರ್ಜ್ ದಾನೇ ಬರೆದದ್ದು ಈ ನಿಟ್ಟಿನಲ್ಲಿ ಇಂದಿಗೂ ಕೆಲಸಕ್ಕೆ ಬರುವ ಮಾತು.

ಕ್ರಿಸ್ಟಿನ್ ರಾಸ್ 1995ರ ತಮ್ಮ ಪುಸ್ತಕದಲ್ಲಿ ಇನ್ನೂ ಆಳಕ್ಕೆ ಕೈಹಾಕಿದರು. ಕಾರು, ಫ್ರಿಜ್ಜು, ಹೊಳೆಯುವ ಅಡುಗೆಮನೆಯ ಫ್ರಾನ್ಸನ್ನು ವಸಾಹತು ಕಳೆದುಕೊಳ್ಳುತ್ತಿದ್ದ ಫ್ರಾನ್ಸಿನಿಂದ ಬೇರೆಮಾಡಿ ನೋಡಲಾಗದು ಎಂಬುದು ಅವರ ವಾದ. ಈ ಕಣ್ಣಿನಿಂದ ನೋಡಿದರೆ ಒಂದು ಸಂಗತಿ ಕುಟುಕುತ್ತದೆ. ‘ಮೊನ್ ಓಂಕ್ಲ್’ ಥಿಯೇಟರಿಗೆ ಬಂದ 1958ರ ಮೇ ತಿಂಗಳಲ್ಲೇ ಆಲ್ಜಿಯರ್ಸ್‌ನಲ್ಲಿ ದಂಗೆಯೆದ್ದು, ಗಣರಾಜ್ಯವೇ ಅಲ್ಲಾಡಿ, ದ ಗೋಲ್ ಅಧಿಕಾರಕ್ಕೆ ಮರಳಿದ. ಆಲ್ಜೀರಿಯಾ ಯುದ್ಧದ ಒಂದು ಸುಳಿವೂ ತಾತಿಯ ಬಡಾವಣೆಯಲ್ಲಿಲ್ಲ. ಇದು ತಪ್ಪೋ, ಹಾಸ್ಯಗಾರನ ಹಕ್ಕೋ ಎಂದು ಓದುಗರೇ ತೀರ್ಮಾನಿಸಬಹುದು. ನನಗೆ ತಪ್ಪೆನಿಸುವುದಿಲ್ಲ, ಆದರೆ ಅವನನ್ನು ಫ್ರಾನ್ಸಿನ ಪೂರ್ಣ ಸಾಕ್ಷಿ ಎಂದು ಹೊಗಳುವವರು ಈ ಖಾಲಿಜಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹುಲೋ ಯಾಕೆ ಮರೆಯಾದ ಎಂಬುದಕ್ಕೆ ಇವರ ಉತ್ತರ: ಗಾಜು ಮತ್ತು ಕಾಂಕ್ರೀಟಿನ ನಗರದಲ್ಲಿ ವಿಚಿತ್ರ ಮನುಷ್ಯನಿಗೆ ಜಾಗವಿಲ್ಲ. ‘ಪ್ಲೇಟೈಮ್’ನ ಪ್ರವಾಸಿ ಕಚೇರಿಯ ಭಿತ್ತಿಚಿತ್ರಗಳಲ್ಲಿ ಯಾವ ದೇಶದ ಹೆಸರಿದ್ದರೂ ಕಟ್ಟಡ ಒಂದೇ, ಐಫೆಲ್ ಗೋಪುರ ಕಾಣುವುದು ಬಾಗಿಲಿನ ಗಾಜಿನಲ್ಲಿ ಬಿಂಬವಾಗಿ ಮಾತ್ರ. ಆದರೆ ಅದೇ ಚಿತ್ರದ ಕೊನೆಯಲ್ಲಿ ವಾಹನಗಳು ವೃತ್ತ ಸುತ್ತುವುದು ಜಾತ್ರೆಯ ತಿರುಗುಕುದುರೆಯ ಹಾಗೆ ಕಾಣುತ್ತದಲ್ಲ! ಬರೀ ತಕರಾರಾಗಿದ್ದರೆ ಆ ಸಡಗರ ಎಲ್ಲಿಂದ ಬಂತು?

ನಾಲ್ಕನೆಯ ವಾದ: ಮ್ಯೂಸಿಕ್ ಹಾಲ್‌ನ ಮನುಷ್ಯ

1999ರಲ್ಲಿ ಡೇವಿಡ್ ಬೆಲೋಸ್ ಬರೆದ ಜೀವನಚರಿತ್ರೆ ಚರ್ಚೆಯನ್ನು ನೆಲಕ್ಕಿಳಿಸಿತು. ಸಾಲ, ಕರಾರು, ಸಹಾಯಕರು, ಜಗಳ. ಪಂಡಿತರ ತಾತಿಯ ಬದಲು ದುಡಿಯುವ ತಾತಿ ಕಾಣಿಸಿದ. 70 ಎಂಎಂ ಸೌಕರ್ಯವಿರುವ ಥಿಯೇಟರೇ ಬೇಕೆಂದು ಪಟ್ಟುಹಿಡಿದದ್ದರಿಂದ ‘ಪ್ಲೇಟೈಮ್’ ಹರಡುವುದೇ ಕಷ್ಟವಾಯಿತು. ಅಮೆರಿಕಕ್ಕೆ ಅದು ತಲುಪಿದ್ದು 1973ರಲ್ಲಿ. ಎಷ್ಟೊತ್ತಿಗೂ ತಿದ್ದುವ ಚಟ ಬೇರೆ. ‘ಹುಲೋನ ರಜೆ’ಯನ್ನು 1962ರಲ್ಲಿ ಮತ್ತೆ ಸಂಕಲಿಸಿದ, 1978ರಲ್ಲಿ, ಅಂದರೆ ಇಪ್ಪತ್ತೈದು ವರ್ಷದ ಮೇಲೆ, ‘ಜಾಸ್’ ಚಿತ್ರದ ಶಾರ್ಕ್ ನೆನಪಿಸುವ ಹೊಸ ತಮಾಷೆಯನ್ನು ತೆಗೆದು ಸೇರಿಸಿದ.

ಈ ಓದಿನ ಕೀಲಿಕೈ ಇರುವುದು ಬಹಳ ಜನ ನೋಡದ ‘ಪರಾದ್’ (1974) ಚಿತ್ರದಲ್ಲಿ. ಸ್ವೀಡನ್ನಿನ ಟೆಲಿವಿಷನ್ನಿಗಾಗಿ, ಸ್ಟಾಕ್‌ಹೋಮ್‌ನ ಸರ್ಕಸ್ ಅಖಾಡದಲ್ಲಿ, ಬಹುಪಾಲು ವಿಡಿಯೋದಲ್ಲಿ ತೆಗೆದದ್ದು. ಹುಲೋ ಇಲ್ಲ. ಅರವತ್ತು ದಾಟಿದ ತಾತಿ ಸರ್ಕಸ್ ನಿರೂಪಕನಾಗಿ ನಿಂತು, ಮೂವತ್ತರ ದಶಕದ ಅದೇ ಟೆನಿಸ್, ಅದೇ ಕುದುರೆ ಸವಾರಿಯ ಮೂಕಾಭಿನಯವನ್ನು ಮತ್ತೆ ಮಾಡುತ್ತಾನೆ. ಕ್ಯಾಮೆರಾ ಆಟಗಾರರಷ್ಟೇ ಪ್ರೇಕ್ಷಕರನ್ನೂ ನೋಡುತ್ತದೆ. ಕೊನೆಗೆ ಎಲ್ಲರೂ ಹೋದ ಮೇಲೆ ಇಬ್ಬರು ಮಕ್ಕಳು ಅಖಾಡದಲ್ಲಿ ಉಳಿದ ಸಾಮಾನುಗಳೊಂದಿಗೆ ಆಡಿಕೊಳ್ಳುತ್ತಾರೆ. ತಾತಿಯ ಜೊತೆ ಸ್ವಲ್ಪ ಕಾಲ ಕೆಲಸ ಮಾಡಿದ್ದ ಅಮೆರಿಕನ್ ವಿಮರ್ಶಕ ಜೊನಾಥನ್ ರೋಸೆನ್‌ಬಾಮ್ ಇದನ್ನು ಬಿಡದೆ ಎತ್ತಿಹಿಡಿದವರಲ್ಲಿ ಒಬ್ಬ.

ನನ್ನ ಒಲವೂ ಇತ್ತಲೇ. ಕೊಲೆತ್ 1936ರಲ್ಲಿ ಕಂಡದ್ದನ್ನು ನೆನೆಯಿರಿ: ಆ ರಂಗದ ಮೇಲೆ ತಾತಿ ತಾನಾಗಿ ಎಂದೂ ನಿಂತಿರಲಿಲ್ಲ. ಗೋಲ್‌ಕೀಪರ್, ಮೀನುಗಾರ, ಕುದುರೆ ಎಲ್ಲ ಆಗುತ್ತಿದ್ದ. ಮೂಕಾಭಿನಯದವನ ಮೂಲ ಕಸುಬು ನೋಡುವುದು. ಆಡಿ ತೋರಿಸುವುದು ಆಮೇಲಿನ ಮಾತು. ‘ಪ್ಲೇಟೈಮ್’ನಲ್ಲಿ ಅವನು ಆಡುವ ಭಾಗವನ್ನು ದಾರಿಹೋಕರಿಗೆ, ನೋಡುವ ಭಾಗವನ್ನು ನಮಗೆ ಹಂಚಿಕೊಟ್ಟ. ಹೀಗೆ ಓದಿದರೆ ಹಳೆಯ ಬಡಾವಣೆಯ ಮೇಲಿನ ಮಮತೆಯೂ ತೆರೆದ ಚೌಕಟ್ಟೂ ಎರಡಲ್ಲವಾಗುತ್ತವೆ: ಹರಟುತ್ತ ನಿಲ್ಲುವ, ನೋಡಲು ಪುರುಸೊತ್ತಿರುವ ಜನ ಅವನಿಗೆ ಎರಡೂ ಕಡೆ ಬೇಕು. ದುಡ್ಡು ಮುಳುಗಿದ್ದಕ್ಕೂ ಕಾರಣ ಇಲ್ಲೇ ಇದೆ. ಪ್ರೇಕ್ಷಕರು ಬಂದದ್ದು ಹುಲೋನನ್ನು ನೋಡಲಿಕ್ಕೆ. ಅವನು ಅವರ ಕೈಗೆ ಕೆಲಸ ಕೊಟ್ಟ.

ಅಷ್ಟರಲ್ಲಿ ಹುಲೋ ಸೃಷ್ಟಿಕರ್ತನ ಕೈಮೀರಿ ಹೋಗಿದ್ದ. 1970ರ ತ್ರುಫೋ ಚಿತ್ರವೊಂದರ ಮೆಟ್ರೋ ನಿಲ್ದಾಣದಲ್ಲಿ ಹುಲೋ ವೇಷದವನು ಕ್ಷಣಕಾಲ ಸುಳಿದು ಹೋಗುತ್ತಾನೆ. ರೋವನ್ ಅಟ್ಕಿನ್ಸನ್ ತನ್ನ ಮಿಸ್ಟರ್ ಬೀನ್ ಮೇಲೆ ಹುಲೋನ ಋಣವಿದೆಯೆಂದು ಒಪ್ಪಿಕೊಂಡಿದ್ದಾನೆ. 2009ರ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಪ್ಯಾರಿಸ್‌ನ ಸಿನೆಮಾತೆಕ್‌ನಲ್ಲಿ ತಾತಿ ಪ್ರದರ್ಶನ ನಡೆದಾಗ, ಮೆಟ್ರೋದ ಭಿತ್ತಿಚಿತ್ರದಲ್ಲಿ ಹುಲೋನ ಬಾಯಲ್ಲಿದ್ದ ಪೈಪು ತಂಬಾಕು ಜಾಹೀರಾತು ಕಾನೂನಿಗೆ ಅಡ್ಡ ಬರುತ್ತದೆಂದು ಅದರ ಜಾಗದಲ್ಲಿ ಹಳದಿ ಗಿರಗಿಟ್ಲೆ ಅಂಟಿಸಿದರು. ತಾತಿ ಬದುಕಿದ್ದರೆ ಅದನ್ನೇ ಚಿತ್ರಕ್ಕೆ ಹಾಕಿಕೊಳ್ಳುತ್ತಿದ್ದ.

ಇನ್ನೂ ತೀರದ ಲೆಕ್ಕ

ಮೊದಲನೆಯದು ಕರ್ತೃತ್ವದ್ದು. ಲಾಗ್ರಾಂಜ್‌ನ ರೇಖೆಗಳು, ‘ಮೊನ್ ಓಂಕ್ಲ್’ಗೆ ಸಹಾಯಕನಾಗಿ ದುಡಿದು ಮುಂದೆ ತಾನೇ ಒಳ್ಳೆಯ ಹಾಸ್ಯ ನಿರ್ದೇಶಕನಾದ ಪಿಯೇರ್ ಎತೇಯ ರೇಖಾಚಿತ್ರಗಳು, ‘ಪ್ಲೇಟೈಮ್’ ನಗರವನ್ನು ನಿಲ್ಲಿಸಿದ ಯೂಜೀನ್ ರೋಮಾನ ಕೈಚಳಕ. ‘ತಾತಿಯ ಶೈಲಿ’ ಎಂದು ಕರೆಯುವುದರಲ್ಲಿ ಇವುಗಳ ಪಾಲೆಷ್ಟು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಎರಡನೆಯದು ಮನುಷ್ಯ ತಾತಿಯದು. ಅವನು ಬರೆದಿಟ್ಟಿದ್ದ, ವಯಸ್ಸಾದ ಜಾದೂಗಾರ ಮತ್ತು ಹುಡುಗಿಯೊಬ್ಬಳ ಕಥೆಯನ್ನು ಸಿಲ್ವೇನ್ ಶೋಮೆ 2010ರಲ್ಲಿ ‘ಲಿಲ್ಯೂಷನಿಸ್ತ್’ ಎಂಬ ಅನಿಮೇಷನ್ ಚಿತ್ರ ಮಾಡಿದ. ಆ ಹುಡುಗಿ ಯಾರು? ಸೋಫಿಯೇ ಎಂದು ಕೆಲವರು. ಯುದ್ಧಕಾಲದಲ್ಲಿ ಹುಟ್ಟಿದ, ತಾತಿ ತನ್ನವಳೆಂದು ಒಪ್ಪಿಕೊಳ್ಳದ ಹಿರಿಯ ಮಗಳು ಎಂದು ಆಕೆಯ ಕಡೆಯವರು. ಪಾಪಪ್ರಜ್ಞೆಯ ಈ ಓದು ನಿಜವಾದರೆ ಹುಲೋನ ಹಿಂದೆ ಸರಿಯುವ ನಡೆಗೆ ಬೇರೆಯೇ ನೆರಳು ಬೀಳುತ್ತದೆ. ಆದರೆ ಚಿತ್ರಗಳಿಂದ ಅದನ್ನು ಸಾಧಿಸಲಾಗದು.

ಮೂರನೆಯದು, ಪಾತ್ರದ ಕೊನೆ. ಲಾಗ್ರಾಂಜ್ ಜೊತೆ ಬರೆದು ಚಿತ್ರವಾಗದೆ ಉಳಿದ ‘ಕನ್‌ಫ್ಯೂಷನ್’ನಲ್ಲಿ ಹುಲೋನನ್ನು ಟಿವಿ ಸ್ಟುಡಿಯೋದಲ್ಲಿ ಸಾಯಿಸುವ ಯೋಚನೆಯಿತ್ತು. ಅದು ಬಂದಿದ್ದರೆ ಮೇಲಿನ ನಾಲ್ಕು ವಾದಗಳಲ್ಲಿ ಯಾವುದು ಗಟ್ಟಿಯಾಗುತ್ತಿತ್ತೋ ಹೇಳುವುದು ಕಷ್ಟ. 1982ರ ನವೆಂಬರ್‌ನಲ್ಲಿ ತಾತಿ ತೀರಿಕೊಂಡಾಗ ಅದು ಕಾಗದದ ಮೇಲೇ ಇತ್ತು.

ಎಲ್ಲಕ್ಕಿಂತ ದೊಡ್ಡ ಕೊರತೆ ಪುರಾವೆಯದ್ದು. 1967ರ ಡಿಸೆಂಬರ್‌ನಲ್ಲಿ ಮೊದಲ ಪ್ರದರ್ಶನ ಕಂಡಾಗ ‘ಪ್ಲೇಟೈಮ್’ 155 ನಿಮಿಷವಿತ್ತು ಎನ್ನಲಾಗುತ್ತದೆ. ಪ್ರದರ್ಶಕರ ಒತ್ತಡಕ್ಕೆ ತಾತಿಯೇ ಕತ್ತರಿ ಹಾಕುತ್ತ ಹೋದ. 2002ರಲ್ಲಿ ದುರಸ್ತಿಯಾಗಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ, ಇಂದು ನಮಗೆಲ್ಲ ಸಿಗುವ ಪ್ರತಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚಿದೆ. ತಾತಿವಿಲ್ ನಗರವನ್ನು ಚಿತ್ರೀಕರಣದ ನಂತರವೇ ನೆಲಸಮ ಮಾಡಿದ್ದರು. ಕತ್ತರಿಸಿದ ಆ ಅರ್ಧ ಗಂಟೆಯಲ್ಲಿ ಹುಲೋ ಎಷ್ಟು ಹೊತ್ತು ಕಾಣುತ್ತಿದ್ದ ಎಂಬುದನ್ನು ನೋಡಿ ಹೇಳಲು ಪೂರ್ಣ ಪ್ರತಿ ಇದುವರೆಗೆ ಸಿಕ್ಕಿಲ್ಲ.